ಪ್ರೊಸೆಸರ್ ಬದಲಿಸಬೇಕಾ, ಗ್ರಾಫಿಕ್ಸ್ ಕಾರ್ಡಾ? ರೈಲು ಹತ್ತುವ ಮುಂಚೆ ನೋಡಿ

ಕ್ಯಾತ್ಸಂದ್ರದಿಂದ ಅಕ್ಕನ ಮಗ ಫೋನ್ ಮಾಡಿದ. "ಮಾವ, ಗೇಮ್ ತಡವರಿಸ್ತಿದೆ. ಗ್ರಾಫಿಕ್ಸ್ ಕಾರ್ಡ್ ಹಳೇದಾಯ್ತು. ಶನಿವಾರ ಎಸ್‌ಪಿ ರೋಡ್‌ಗೆ ಹೋಗೋಣ್ವಾ?" ತುಮಕೂರಿನ ಗೇಮ್ ಹುಡುಗರಿಗೆ ಎಲ್ಲಾ ಕಾಯಿಲೆಗೂ ಬೆಂಗಳೂರಿನ ಆ ಕಂಪ್ಯೂಟರ್ ಅಂಗಡಿ ಬೀದಿಗೆ ಹೋಗುವ ರೈಲೇ ಮದ್ದು. "ರೈಲು ಆಮೇಲೆ ಕಣೋ, ಮೊದಲು ಪರೀಕ್ಷೆ" ಅಂದೆ.

ಕ್ಯಾಬಿನೆಟ್ ಬಿಚ್ಚಿದರೆ ಫ್ಯಾನಿನ ರೆಕ್ಕೆ ಮೇಲೆ ಧೂಳು ಹತ್ತಿಯ ಹಾಗೆ ಕೂತಿತ್ತು. ಬಿಸಿ ಏರಿದರೆ ಪ್ರೊಸೆಸರ್ರೂ ಕಾರ್ಡೂ ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ. ಪೇಂಟ್ ಬ್ರಷ್ಷಿನಲ್ಲಿ ಒರೆಸಿದೆವು. ರ್‍ಯಾಮ್ ಕೂಡ ನೋಡಿ. ಒಂದೇ ಕಡ್ಡಿ ಇದ್ದರೆ ಅದರ ಜೋಡಿ ಹಾಕಿದರೂ ಎಷ್ಟೋ ಗೇಮ್‌ಗಳು ಸುಧಾರಿಸುತ್ತವೆ.

ಇನ್ನು ಅಸಲಿ ಪರೀಕ್ಷೆ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ, ಬಳಕೆ ಅಳೆದು ಪರದೆಯಲ್ಲೇ ತೋರಿಸುವ ಸಾಫ್ಟ್‌ವೇರ್ ಹಾಕಿಕೊಳ್ಳಿ. ದುಡ್ಡು ಕೊಡಬೇಕಿಲ್ಲ, ಯಾವ ಕಂಪನಿಯ ಕಾರ್ಡಿಗೂ ನಡೆಯುತ್ತದೆ. ಗೇಮಿನಲ್ಲಿ ವಿ-ಸಿಂಕ್ (ಗೇಮಿನ ವೇಗವನ್ನು ಪರದೆಯ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಮತ್ತು ಫ್ರೇಮ್ ಮಿತಿ (ಸೆಕೆಂಡಿಗೆ ಇಷ್ಟೇ ಚಿತ್ರ ಅನ್ನುವ ಕಟ್ಟು) ಎರಡನ್ನೂ ತೆಗೆಯಿರಿ. ಯಾವ ಜಾಗದಲ್ಲಿ ತಡವರಿಸುತ್ತದೋ ಅಲ್ಲೇ ಕಾಲು ಗಂಟೆ ಆಡಿ. ಪರದೆಯ ಮೂಲೆಯಲ್ಲಿ ಜಿಪಿಯು (ಕಾರ್ಡಿನ ಚಿಪ್) ಬಳಕೆ 95ರಿಂದ 99 ಶೇಕಡಾ ತೋರಿಸಿದರೆ ಕಾರ್ಡ್ ಜೀವ ತೇಯುತ್ತಿದೆ ಅಂತ ಅರ್ಥ. ನಮ್ಮ ಹುಡುಗನದು ಕೌಂಟರ್-ಸ್ಟ್ರೈಕ್ 2ರಲ್ಲಿ 60 ಶೇಕಡಾ ದಾಟಲೇ ಇಲ್ಲ. ಕಾರ್ಡ್ ಎಲೆ ಹಾಕಿಕೊಂಡು ಕೂತಿದೆ, ಬಡಿಸುವ ಪ್ರೊಸೆಸರ್ ಬಂದಿಲ್ಲ!

"ಆದ್ರೆ ಪ್ರೊಸೆಸರ್ ಬಳಕೆ ಬರೀ 45 ಇದೆಯಲ್ಲ ಮಾವ?" ಅಂದ. ಎಲ್ಲರೂ ಮೋಸ ಹೋಗುವುದು ಇಲ್ಲೇ. ಅದು 12 ಥ್ರೆಡ್‌ಗಳ (ಪ್ರೊಸೆಸರಿನ ಕೆಲಸದ ಸಾಲುಗಳ) ಸರಾಸರಿ. ಒಂದೇ ಥ್ರೆಡ್ ಪೂರ್ತಿ ದುಡಿದು ಮಿಕ್ಕವು ಸುಮ್ನೆ ಕೂತರೆ ಒಟ್ಟು ಲೆಕ್ಕದಲ್ಲಿ ಕಾಣುವುದು 8 ಶೇಕಡಾ ಮಾತ್ರ. ಒಂದೊಂದನ್ನೂ ಬಿಡಿಯಾಗಿ ನೋಡಬೇಕು.

ಇನ್ನೂ ಅನುಮಾನವೇ? ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿ. ಫ್ರೇಮ್ ದರ ಜಿಗಿದರೆ ಕಾರ್ಡ್ ಬದಲಿಸಿ, ಅಲುಗದಿದ್ದರೆ ಪ್ರೊಸೆಸರ್. ಇವನದು ಅಲುಗಲಿಲ್ಲ. ಇದು ಆ ಗೇಮಿನ ತೀರ್ಪು ಅಷ್ಟೇ. ಸೈಬರ್‌ಪಂಕ್ 2077 ಹಾಕಿದರೆ ಅದೇ ಕಂಪ್ಯೂಟರಿನಲ್ಲಿ ಕಾರ್ಡೇ ಸುಸ್ತಾಗಬಹುದು. ಜಾಸ್ತಿ ಆಡುವ ಗೇಮಿನಲ್ಲೇ ಪರೀಕ್ಷೆ ಮಾಡಿ.

ಕಾರ್ಡ್ ತರುವುದಾದರೆ ಎಸ್‌ಎಂಪಿಎಸ್ (ಕ್ಯಾಬಿನೆಟ್ಟಿನೊಳಗಿನ ಕರೆಂಟ್ ಡಬ್ಬಿ) ಎಷ್ಟು ವ್ಯಾಟ್, ಕಾರ್ಡಿಗೆ ಬೇಕಾದ ಪವರ್ ಪಿನ್ ಇದೆಯಾ, ಕ್ಯಾಬಿನೆಟ್ಟಿನಲ್ಲಿ ಉದ್ದ ಸಾಲುತ್ತದಾ ನೋಡಿ. ಯುಪಿಎಸ್ ಮರೆಯುವವರೇ ಜಾಸ್ತಿ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ತಡೆಯುತ್ತದೆ. ದೊಡ್ಡ ಕಾರ್ಡ್ ಹಾಕಿ ಆಡುವಾಗ ಕರೆಂಟ್ ಹೋದರೆ ಅದೂ ಕೈ ಎತ್ತುತ್ತದೆ.

ಪ್ರೊಸೆಸರ್ ಆದರೆ ಮದರ್‌ಬೋರ್ಡ್ ಅದನ್ನು ಒಪ್ಪುತ್ತದಾ ನೋಡಿ. ಇಂಟೆಲ್‌ನಲ್ಲಿ ಬಹಳ ಸಲ ಬೋರ್ಡೂ ಬದಲಾಗುತ್ತದೆ, ಲೆಕ್ಕ ಏರುತ್ತದೆ. ಹುಡುಗನ ಅದೃಷ್ಟ, ಎಎಂಡಿ ಕಂಪನಿಯ 2017ರ ರೈಜನ್ 5 1600 ಪ್ರೊಸೆಸರ್ ಇತ್ತು, ಬೋರ್ಡ್ ಬಿ450. ಅದೇ ಬೋರ್ಡಿಗೆ ರೈಜನ್ 5 5600 ಕೂರುತ್ತದೆ. ಆದರೆ ಹಳೇ ಪ್ರೊಸೆಸರ್ ಬಿಚ್ಚುವ ಮುಂಚೆಯೇ ಬಯಾಸ್ (ಬೋರ್ಡಿನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಬೇಕು, ಮಧ್ಯೆ ಕರೆಂಟ್ ಹೋಗಬಾರದು. ನಾವು ಯುಪಿಎಸ್ ಪೂರ್ತಿ ಚಾರ್ಜ್ ಆಗಲಿ ಅಂತ ಶುಕ್ರವಾರ ರಾತ್ರಿ ಹತ್ತರವರೆಗೂ ಕಾದು, ಆಮೇಲೆ ಶುರು ಮಾಡಿದೆವು.