ನಾಲ್ಕು ಜನ ಕ್ರಿಕೆಟ್ ಗೆಳೆಯರ ನಡುವೆ ಫುಟ್‌ಬಾಲ್ ಹುಚ್ಚು ಉಳಿಸಿಕೊಳ್ಳುವುದು ಹೇಗೆ

ನಮ್ಮದು ಐದು ಜನರ ಗುಂಪು. ಹನುಮಂತನಗರದಲ್ಲಿ ಒಂದೇ ಶಾಲೆಯಲ್ಲಿ ಓದಿದವರು, ಈಗ ಎಲ್ಲರಿಗೂ ನಲವತ್ತು ದಾಟಿದೆ. ಭಾನುವಾರ ಬೆಳಿಗ್ಗೆ ಏಳೂವರೆಗೆ ಒಂದು ದರ್ಶಿನಿಯಲ್ಲಿ ಸೇರುತ್ತೇವೆ. ಇಡ್ಲಿ-ವಡೆ, ಬೈ-ಟು ಕಾಫಿ, ಆಮೇಲೆ ಒಂಬತ್ತರವರೆಗೂ ಕ್ರಿಕೆಟ್ ಮಾತು. ಬೀದಿಯಲ್ಲಿ ಆಡುವಾಗ ಯಾರು ಏನಾಗಿದ್ದರೋ ಅದೇ ಇವತ್ತಿಗೂ ಅವರ ಹೆಸರು: ಕೀಪರ್, ಓಪನರ್, ಸ್ಪಿನ್ನರ್, ಸ್ಕೋರರ್. ನಾನು ಮಾತ್ರ ಫುಟ್‌ಬಾಲಿನವನು. ನನ್ನ ಸೋದರಮಾವ ಎಚ್‌ಎಎಲ್ ಕಾರ್ಖಾನೆಯಲ್ಲಿದ್ದರು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಕಾರ್ಖಾನೆ ತಂಡದ ಮ್ಯಾಚ್ ನೋಡಲು ನನ್ನನ್ನು ಸೈಕಲ್ ಬಾರ್ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಅಲ್ಲಿ ಹತ್ತಿದ ಹುಚ್ಚು ಇನ್ನೂ ಬಿಟ್ಟಿಲ್ಲ.

ಮೂವತ್ತು ವರ್ಷದಿಂದ ಈ ಗುಂಪಿನಲ್ಲಿದ್ದೇನೆ. ನಿಮ್ಮ ಗುಂಪಿನಲ್ಲೂ ಫುಟ್‌ಬಾಲ್ ನೋಡುವವರು ನೀವೊಬ್ಬರೇ ಆಗಿದ್ದರೆ, ನಾನು ಕಲಿತದ್ದು ನಿಮಗೂ ಉಪಯೋಗಕ್ಕೆ ಬರಬಹುದು.

ಮಾಡಬಾರದ್ದನ್ನು ಮೊದಲು ಹೇಳುತ್ತೇನೆ. ಅವರ ತಂಡ ಸೋತ ರಾತ್ರಿ ನಿಮ್ಮ ಆಟವನ್ನು ಹೊಗಳಬೇಡಿ.

2016ರ ಮೇ 28ರ ರಾತ್ರಿ ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ, ಚಾಂಪಿಯನ್ಸ್ ಲೀಗ್‌ನ ಫೈನಲ್ ಇತ್ತು. ಮಿಲಾನ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಮತ್ತು ಅಟ್ಲೆಟಿಕೊ ಮ್ಯಾಡ್ರಿಡ್. ಪೆನಾಲ್ಟಿಯವರೆಗೂ ಹೋಗಿ, ನಾನು ಮಲಗುವಾಗ ಮೂರು ಗಂಟೆ. ಮರುದಿನ ಸಂಜೆ ಚಿನ್ನಸ್ವಾಮಿಯಲ್ಲಿ ಐಪಿಎಲ್ ಫೈನಲ್. 209 ಬೇಕಿತ್ತು, ಗೇಲ್ 76 ಹೊಡೆದರು, ಕೊಹ್ಲಿ 54. ಆದರೂ ಆರ್‌ಸಿಬಿ 8 ರನ್‌ನಿಂದ ಸೋತಿತು. ನಾವೆಲ್ಲ ಸ್ಪಿನ್ನರ್ ಮನೆಯಲ್ಲಿದ್ದೆವು. ಯಾರೂ ಮಾತಾಡುತ್ತಿರಲಿಲ್ಲ. ನಾನು ಬಾಯಿ ಬಿಟ್ಟೆ: "ಇದಕ್ಕೆಲ್ಲ ಇಷ್ಟು ಬೇಜಾರಾ? ನಿನ್ನೆ ರಾತ್ರಿ ನೋಡ್ಬೇಕಿತ್ತು, ಆಟ ಅಂದ್ರೆ ಅದು."

ಸ್ಪಿನ್ನರ್ ಟಿವಿ ಆರಿಸಿದ. ರಿಮೋಟನ್ನು ಸೋಫಾದ ಮೇಲೆ ಮೆತ್ತಗೆ ಇಟ್ಟ. ಎದ್ದು ಅಡುಗೆಮನೆಗೆ ಹೋದವನು ನಾವು ಹೊರಡುವವರೆಗೂ ಈಚೆ ಬರಲಿಲ್ಲ. ಮೂರು ಭಾನುವಾರ ದರ್ಶಿನಿಗೂ ಬರಲಿಲ್ಲ. ನಾಲ್ಕನೇ ವಾರ ನಾನೇ ಅವನ ಮನೆಗೆ ಹೋಗಿ, "ತಪ್ಪಾಯ್ತು ಕಣೋ" ಎಂದೆ. ಅವನ ಸೋಲು ನನ್ನ ಸೋಲಿನಷ್ಟೇ ದೊಡ್ಡದು ಅಂತ ಅವತ್ತು ಅರ್ಥವಾಯಿತು. ಅಲ್ಲಿಂದಾಚೆ ಅವರ ಮ್ಯಾಚನ್ನು ಸುಮ್ನೆ ಹಾಜರಿಗೆ ನೋಡುವುದಿಲ್ಲ, ಮನಸ್ಸಿಟ್ಟು ನೋಡುತ್ತೇನೆ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಐಪಿಎಲ್ ಫೈನಲನ್ನು 6 ರನ್‌ನಿಂದ ಗೆದ್ದಾಗ ಅದೇ ಮನೆ, ಅದೇ ಸೋಫಾ. ಸ್ಪಿನ್ನರ್ ನನ್ನ ಹೆಗಲ ಮೇಲೆ ತಲೆ ಇಟ್ಟು ಅತ್ತ. ನನ್ನ ಕಣ್ಣಲ್ಲೂ ನೀರು ಬಂತು.

ಎರಡನೆಯದು ಗಡಿಯಾರ. ಜಗಳ ಜಾಸ್ತಿ ಆಗುವುದು ಒಂದೇ ಟಿವಿಗೆ ಎರಡು ಮ್ಯಾಚ್ ಬಂದಾಗ. ಸ್ವಲ್ಪ ಲೆಕ್ಕ ಇಟ್ಟುಕೊಂಡರೆ ಎರಡೂ ಆಗುತ್ತದೆ. ಇಂಗ್ಲೆಂಡಿನಲ್ಲಿ ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ. ಹಾಗಾಗಿ ಐಪಿಎಲ್ ನಡೆಯುವ ಏಪ್ರಿಲ್, ಮೇ ತಿಂಗಳಲ್ಲಿ ಪ್ರೀಮಿಯರ್ ಲೀಗಿನ ಶನಿವಾರದ ಮೊದಲ ಮ್ಯಾಚ್ ನಮಗೆ ಸಂಜೆ 5ಕ್ಕೆ. ಏಳರ ಒಳಗೆ ಮುಗಿಯುತ್ತದೆ, ಐಪಿಎಲ್ ಟಾಸ್ ಏಳಕ್ಕೆ. ಗೆಳೆಯರನ್ನು ಐದಕ್ಕೇ ಕರೆಯಿರಿ. ಬೋಂಡಾ, ಬಜ್ಜಿ ಮಾಡಿಸಿ. ಟಾಸ್ ಕಾಯುತ್ತಾ ಕೂತವರು ನಿಮ್ಮ ಆಟವನ್ನೂ ನೋಡುತ್ತಾರೆ. ಮಧ್ಯಾಹ್ನ ಮೂರೂವರೆಗೇ ಇನ್ನೊಂದು ಐಪಿಎಲ್ ಮ್ಯಾಚ್ ಶುರುವಾಗುವ ದಿನ ಮಾತ್ರ ಟಿವಿ ಬಿಟ್ಟುಕೊಡಿ, ಫೋನಿನಲ್ಲಿ ನೋಡಿಕೊಳ್ಳಿ. ಚಾಂಪಿಯನ್ಸ್ ಲೀಗಿನ ದೊಡ್ಡ ಮ್ಯಾಚುಗಳು ಚಳಿಗಾಲದಲ್ಲಿ ರಾತ್ರಿ 1.30ಕ್ಕೆ, ಏಪ್ರಿಲ್-ಮೇನಲ್ಲಿ 12.30ಕ್ಕೆ. ಐಪಿಎಲ್ ಮುಗಿದು ಒಂದು ಗಂಟೆ ಬಿಡುವು. ಆ ಒಂದು ಗಂಟೆ ಯಾರನ್ನಾದರೂ ಉಳಿಸಿಕೊಳ್ಳಲು ಆಗುತ್ತದಾ ನೋಡಿ.

ನನಗೆ ಒಂದು ಪಂಚರ್ ಸಹಾಯ ಮಾಡಿತು. 2019ರ ಮೇ 7. ಚೆನ್ನೈ-ಮುಂಬೈ ಕ್ವಾಲಿಫೈಯರ್ ನೋಡಲು ಎಲ್ಲರೂ ನಮ್ಮ ಮನೆಗೆ ಬಂದಿದ್ದರು. ಮುಂಬೈ ಆರು ವಿಕೆಟ್‌ನಿಂದ ಗೆದ್ದ ಮೇಲೆ ಮೂವರು ಹೊರಟರು. ಕೀಪರ್ ಗಾಡಿಯ ಹಿಂದಿನ ಟೈರ್ ನೆಲ ಕಚ್ಚಿತ್ತು. "ಇಲ್ಲೇ ಮಲ್ಕೋತೀನಿ" ಎಂದ. ಅವನು ಚಾಪೆ ಮೇಲೆ, ನಾನು ಕುರ್ಚಿಯಲ್ಲಿ. ಒಳಗೆ ಅಮ್ಮ ಮಲಗಿದ್ದರು ಅಂತ ಸೌಂಡ್ ಪೂರ್ತಿ ಕಡಿಮೆ. ಚಾಂಪಿಯನ್ಸ್ ಲೀಗ್ ಸೆಮಿಫೈನಲ್, ಎರಡು ಮ್ಯಾಚಿನ ಗೋಲು ಸೇರಿಸಿ ಲೆಕ್ಕ. ಲಿವರ್‌ಪೂಲ್ ಮೊದಲ ಮ್ಯಾಚಿನಲ್ಲಿ ಬಾರ್ಸಿಲೋನಾಗೆ 3-0 ಸೋತಿತ್ತು. ಈಗ ಅದರ ಮುಂಚೂಣಿಯ ಸಲಾಹ್ ಇಲ್ಲ, ಫರ್ಮಿನೊ ಇಲ್ಲ. ಇದನ್ನು ಕೀಪರ್‌ಗೆ ಒಂದೇ ಮಾತಿನಲ್ಲಿ ಹೇಳಿದೆ: "ಫಾಲೋ ಆನ್ ಆಗಿದೆ, ಇಬ್ಬರು ಬ್ಯಾಟ್ಸ್‌ಮನ್ ಗಾಯ." ಅವನು ಎದ್ದು ಕೂತ.

79ನೇ ನಿಮಿಷಕ್ಕೆ ಲಿವರ್‌ಪೂಲ್ 3-0 ಮುಂದಿತ್ತು, ಎರಡೂ ಮ್ಯಾಚ್ ಸೇರಿ ಸಮ. ಲಿವರ್‌ಪೂಲ್‌ಗೆ ಕಾರ್ನರ್, ಅಂದರೆ ಮೈದಾನದ ಮೂಲೆಯಿಂದ ಒದೆಯುವ ಅವಕಾಶ ಸಿಕ್ಕಿತು. ಟ್ರೆಂಟ್ ಅಲೆಕ್ಸಾಂಡರ್-ಅರ್ನಾಲ್ಡ್ ಚೆಂಡನ್ನು ಇಟ್ಟು, ಬೇರೆಯವರು ಒದೆಯಲಿ ಅನ್ನುವ ಹಾಗೆ ಎರಡು ಹೆಜ್ಜೆ ದೂರ ನಡೆದರು. ತಟ್ಟನೆ ತಿರುಗಿ ಒದ್ದೇಬಿಟ್ಟರು. ಬಾರ್ಸಿಲೋನಾದವರು ಚೆಂಡಿನ ಕಡೆ ನೋಡುತ್ತಲೇ ಇರಲಿಲ್ಲ. ಒರಿಗಿ ಒಬ್ಬರೇ ನೋಡಿದ್ದರು. ಗೋಲು. ಕೀಪರ್ ಚಾಪೆಯಿಂದ ಎದ್ದು ನಿಂತು ಪಿಸುಗುಟ್ಟಿದ: "ಚೆಂಡು ಸತ್ತಿಲ್ಲ ಅಂದ್ಮೇಲೆ ಕಣ್ಣು ತೆಗೀಬಾರದು ಕಣೋ. ಅವರದ್ದೇ ತಪ್ಪು." ವಿಕೆಟ್ ಹಿಂದೆ ನಿಂತವನಿಗೆ ಇದು ಹುಟ್ಟುಗುಣ. ಕ್ರೀಸಿನಿಂದ ಕಾಲು ಎತ್ತಿದವನನ್ನು ಅವನು ಎಷ್ಟು ಸಲ ಸ್ಟಂಪ್ ಮಾಡಿಲ್ಲ! ನನ್ನ ಆಟದಲ್ಲಿ ಅವನದ್ದೂ ಒಂದು ಗುಣ ಇದೆ ಅಂತ ಅವನಿಗೆ ಅವತ್ತು ಕಂಡಿತು.

ಹಾಗಾಗಿ ನಿಯಮ ಹೇಳಿಕೊಡುವಾಗ ಅವರ ಆಟದಿಂದಲೇ ಶುರು ಮಾಡಿ. ಒಂದು ಸಲಕ್ಕೆ ಒಂದೇ ನಿಯಮ, ಅದೂ ಕೇಳಿದಾಗ ಮಾತ್ರ. ಎಲ್ಲರೂ ಮೊದಲು ಕೇಳುವುದು ಆಫ್‌ಸೈಡ್. ನಾನು ಅದನ್ನು ದರ್ಶಿನಿಯ ಟೇಬಲ್ ಮೇಲೆ ಹೇಳಿಕೊಡುತ್ತೇನೆ. ಟೇಬಲ್ಲಿನ ಅಂಚು ಗೋಲಿನ ಗೆರೆ. ಅದರ ಹತ್ತಿರ ಚಟ್ನಿ ಬಟ್ಟಲು, ಅದು ಗೋಲ್ ಕೀಪರ್. ಅದಕ್ಕಿಂತ ಒಂದು ಗೇಣು ಈಚೆಗೆ ನೀರಿನ ಲೋಟ, ಅದು ಡಿಫೆಂಡರ್. ಕಾಫಿ ಲೋಟ ನಮ್ಮ ಕಡೆಯವನು. ವಡೆಯ ಚೂರು ಚೆಂಡು, ಅದು ಇನ್ನೂ ಹಿಂದೆ ನಮ್ಮ ಇನ್ನೊಬ್ಬನ ಕಾಲಲ್ಲಿದೆ. ಈಗ ಕೇಳಿ: "ಬೌಲರ್ ಕೈಯಿಂದ ಚೆಂಡು ಬಿಡೋಕೆ ಮುಂಚೆ ನಾನ್-ಸ್ಟ್ರೈಕರ್ ಕ್ರೀಸ್ ಬಿಟ್ಟು ಹೋದ್ರೆ ಏನಾಗುತ್ತೆ?" ರನ್ ಔಟ್ ಆಗಬಹುದು ಅಂತ ಎಲ್ಲರಿಗೂ ಗೊತ್ತು. ಇಲ್ಲೂ ಅಷ್ಟೇ. ವಡೆ ಚೂರು ಪಾಸ್ ಮಾಡಿದವನ ಕಾಲು ಬಿಡುವ ಕ್ಷಣದಲ್ಲಿ ಕಾಫಿ ಲೋಟ ನೀರಿನ ಲೋಟವನ್ನು ದಾಟಿರಬಾರದು. ಪಕ್ಕದಲ್ಲೇ ಇದ್ದರೆ ಪರವಾಗಿಲ್ಲ. ಚೆಂಡು ಕಾಲು ಬಿಟ್ಟ ಮೇಲೆ ಎಷ್ಟು ಬೇಕಾದರೂ ಓಡಲಿ. ಒಂದೇ ವ್ಯತ್ಯಾಸ, ಇಲ್ಲಿ ಕ್ರೀಸ್ ನೆಲದ ಮೇಲೆ ಬರೆದಿಲ್ಲ. ನೀರಿನ ಲೋಟ ಎಲ್ಲಿಗೆ ಹೋಗುತ್ತದೋ ಗೆರೆಯೂ ಅಲ್ಲಿಗೆ ಹೋಗುತ್ತದೆ. ಲೋಟವನ್ನು ಅವರ ಕೈಯಲ್ಲೇ ಸರಿಸಿಸಿ. ಬಾಯಲ್ಲಿ ಹತ್ತು ಸಲ ಹೇಳಿದ್ದಕ್ಕಿಂತ ಅದು ಬೇಗ ತಲೆಗೆ ಹೋಗುತ್ತದೆ.

ಆಮೇಲೆ ಬರುವ ಪ್ರಶ್ನೆ: "ತೊಂಬತ್ತು ನಿಮಿಷ ಆಡಿ 0-0 ಅಂದ್ರೆ ಏನು ಅರ್ಥ?" ಇದಕ್ಕೆ 2021ರ ಜನವರಿಯ ಸಿಡ್ನಿ ಟೆಸ್ಟ್ ನೆನಪಿಸಿ. ಹನುಮ ವಿಹಾರಿ ನೋಯುವ ತೊಡೆ ಇಟ್ಟುಕೊಂಡು 161 ಬಾಲ್ ಆಡಿ 23 ರನ್ ಮಾಡಿದರು, ಇನ್ನೊಂದು ತುದಿಯಲ್ಲಿ ಅಶ್ವಿನ್ 128 ಬಾಲ್ ನಿಂತರು. ಮ್ಯಾಚ್ ಡ್ರಾ. ಆ ದಿನ ಓಪನರ್ ಆಫೀಸಿಗೆ ರಜೆ ಹಾಕಿ ನೋಡಿದ್ದ. "ಅವತ್ತು ಏನೂ ಆಗ್ಲಿಲ್ವಾ?" ಅಂತ ಅವನನ್ನು ಕೇಳಿದೆ. ಅದಾದ ಮೇಲೆ ಅವನು ಈ ಪ್ರಶ್ನೆ ಎತ್ತಿಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಫುಟ್‌ಬಾಲ್ ಅಂದರೆ ಯುರೋಪಿನವರ ಆಟ, ನಮಗೆ ಸಂಬಂಧವಿಲ್ಲದ್ದು ಅನ್ನುವ ಭಾವನೆ ಅವರಲ್ಲಿದೆ. ಅದಕ್ಕೆ ಕಾರಣ ನಮ್ಮಂಥವರೇ. ನಾವು ಮಾತಾಡುವುದೆಲ್ಲ ಮ್ಯಾಂಚೆಸ್ಟರ್, ಮ್ಯಾಡ್ರಿಡ್. ಬೆಂಗಳೂರಿನ ಮಾತು ಆಡಿ ನೋಡಿ. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಫುಟ್‌ಬಾಲ್ ಗೋಲು ಹೊಡೆದವರು ನಮ್ಮ ಊರಿನ ಸಾರಂಗಪಾಣಿ ರಾಮನ್, 1948ರಲ್ಲಿ ಲಂಡನ್‌ನಲ್ಲಿ, ಫ್ರಾನ್ಸ್ ವಿರುದ್ಧ. ಆ ತಂಡದ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ಅಲ್ಲಿ ಮಕ್ಕಳು ಇವತ್ತಿಗೂ ಮೊದಲು ಚೆಂಡು ಒದೆಯುತ್ತಾರೆ, ಆಮೇಲೆ ಬ್ಯಾಟ್ ಹಿಡಿಯುತ್ತಾರೆ. ಒಂದು ಭಾನುವಾರ ನಾನು ಕಾಫಿಗೆ ಕರೆದುಕೊಂಡು ಹೋಗುವ ನೆಪದಲ್ಲಿ ಇವರನ್ನೆಲ್ಲ ಆ ಕಡೆ ಕರೆದೊಯ್ದೆ.

ಸ್ಕೋರರ್‌ಗೆ ಅಂಕಿ-ಅಂಶ ಅಂದರೆ ಪ್ರಾಣ. ಅವನಿಗೆ ಇದನ್ನು ಹೇಳಿದೆ: ನಮ್ಮ ರಾಜ್ಯ ಮೊದಲ ಸಲ ರಣಜಿ ಗೆದ್ದದ್ದು 1973-74ರಲ್ಲಿ. ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿಯನ್ನು ಮೈಸೂರು ಹೆಸರಿನಲ್ಲಿದ್ದ ನಮ್ಮ ತಂಡ 1946-47ರಲ್ಲೇ ಗೆದ್ದಿತ್ತು. 1968-69ರ ಹೊತ್ತಿಗೆ ನಾಲ್ಕು ಸಲ. ಆಮೇಲೆ 54 ವರ್ಷ ಏನೂ ಇಲ್ಲ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಮತ್ತೆ ಗೆದ್ದಿತು. ಸ್ಕೋರರ್ ಕಾಫಿ ಕೆಳಗಿಟ್ಟ. "ರಣಜಿಗಿಂತ ಇಪ್ಪತ್ತೇಳು ವರ್ಷ ಮುಂಚೆನಾ?" ಎಂದ. ಆ ವಾರ ಪೂರ್ತಿ ಅವನು ಹುಡುಕಿ ಓದಿದ ವಿಷಯಗಳನ್ನು ನನಗೇ ಹೇಳುತ್ತಿದ್ದ.

ಮಾತು ಇಷ್ಟು ಸಾಕು, ಇನ್ನು ಮೈದಾನಕ್ಕೆ ಕರೆದೊಯ್ಯಿರಿ. ಟಿವಿಯಲ್ಲಿ ಫುಟ್‌ಬಾಲ್ ಅರ್ಧ ಮಾತ್ರ ಕಾಣುತ್ತದೆ, ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ. ಕಂಠೀರವ ಸ್ಟೇಡಿಯಂ ನಾನು ಕೆಲಸ ಮಾಡುವ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ನಡೆದೇ ಹೋಗುವಷ್ಟು ದೂರ. ಹಿಂದೆ ಅಲ್ಲಿ ಸಂಪಂಗಿ ಕೆರೆ ಇತ್ತು. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು: ಗಾಡಿ ಬೇಡ, ಕಬ್ಬನ್ ಪಾರ್ಕ್ ಮೆಟ್ರೋದಲ್ಲಿ ಇಳಿದು ನಡೆಯಿರಿ. ಮೈದಾನದ ಸುತ್ತ ಓಟದ ಟ್ರ್ಯಾಕ್ ಇರುವುದರಿಂದ ಮುಂದಿನ ಸಾಲಿಗೆ ಆಸೆ ಪಡಬೇಡಿ, ಮೇಲಿನ ಸಾಲಿನಿಂದ ಇಡೀ ಆಟ ಕಾಣುತ್ತದೆ. ಬೆಂಗಳೂರು ಎಫ್‌ಸಿ ಮ್ಯಾಚ್ ಆದರೆ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿಗಳ ಹತ್ತಿರ ಜಾಗ ಹಿಡಿಯಿರಿ. ಅವರು ಕೂರುವುದೇ ಇಲ್ಲ, ಹಾಡು ನಿಲ್ಲಿಸುವುದೂ ಇಲ್ಲ. ಇಡೀ ಗುಂಪನ್ನು ಒಟ್ಟಿಗೆ ಕರೆದೊಯ್ಯಬೇಡಿ, ಅವರವರೇ ಕ್ರಿಕೆಟ್ ಮಾತಿಗೆ ಇಳಿಯುತ್ತಾರೆ. ಒಬ್ಬರು, ಹೆಚ್ಚೆಂದರೆ ಇಬ್ಬರು. ಪ್ರತಿಯೊಬ್ಬರಿಗೂ ನೋಡಲು ಒಬ್ಬ ಆಟಗಾರನನ್ನು ಒಪ್ಪಿಸಿ. "ಚೆಂಡು ಬಿಡು, ಹತ್ತು ನಿಮಿಷ ಇವನನ್ನೇ ನೋಡು" ಅನ್ನಿ.

ಕೀಪರ್‌ನನ್ನು ಮೊದಲು ಕರೆದೊಯ್ದದ್ದು 2023ರ ಜೂನ್ 21ರಂದು, ದಕ್ಷಿಣ ಏಷ್ಯಾದ ಟೂರ್ನಿಯಾದ ಸ್ಯಾಫ್ ಚಾಂಪಿಯನ್‌ಷಿಪ್‌ನ ಭಾರತ-ಪಾಕಿಸ್ತಾನ ಮ್ಯಾಚಿಗೆ. ಆ ಹೆಸರು ಕೇಳಿದ ಮೇಲೆ ಯಾವ ಕ್ರಿಕೆಟ್ ಗೆಳೆಯ ಬರಲ್ಲ ಅಂತಾನೆ? ಮಳೆ ಬಂತು. ಸುನಿಲ್ ಛೆಟ್ರಿ ಮೂರು ಗೋಲು ಹೊಡೆದರು, ಭಾರತ 4-0. ನೆಂದುಕೊಂಡು ಮನೆಗೆ ಬಂದೆವು. ಜುಲೈ 4ರ ಫೈನಲ್‌ಗೆ ಟಿಕೆಟ್ ತೆಗೆದವನು ಅವನೇ.

ಆ ರಾತ್ರಿ ಎದುರಾಳಿ ಕುವೈತ್. 1-1 ಆಗಿ ಪೆನಾಲ್ಟಿಗೆ ಹೋಯಿತು. ಸುತ್ತ ಎಲ್ಲರೂ ಒದೆಯುವವನನ್ನು ನೋಡುತ್ತಿದ್ದರು. ಕೀಪರ್ ಮಾತ್ರ ಭಾರತದ ಗೋಲ್ ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಅವರ ಕಾಲನ್ನೇ ನೋಡುತ್ತಿದ್ದ. ಮೊಣಕಾಲು ಸ್ವಲ್ಪ ಬಗ್ಗಿಸಿ, ಎರಡೂ ಅಂಗೈ ಮುಂದಕ್ಕೆ ಚಾಚಿ, ತಾನೇ ಗೋಲಿನಲ್ಲಿ ನಿಂತವನ ಹಾಗೆ ನಿಂತಿದ್ದ. ಐದೈದು ಒದೆತದಲ್ಲಿ 4-4. ಭಾರತದ ಆರನೆಯದನ್ನು ಮಹೇಶ್ ಸಿಂಗ್ ಗೋಲಾಗಿಸಿದರು. ಕುವೈತಿನ ಆರನೆಯದನ್ನು ಗುರ್‌ಪ್ರೀತ್ ತಡೆದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಕೂಗಿದರು. ಕೀಪರ್ ಕೂಗಲಿಲ್ಲ, ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಮನೆಗೆ ಹೋಗುವ ದಾರಿಯಲ್ಲಿ ವಿ.ವಿ. ಪುರಂ ತಿಂಡಿ ಬೀದಿಯಲ್ಲಿ ಇಳಿದೆವು. ದೋಸೆ ಹೇಳಿ ನಿಂತಿದ್ದೆವು. ಅವನು ಫುಟ್‌ಪಾತಿನ ಅಂಚಿಗೆ ಎಡಗಾಲು ಇಟ್ಟ.

"ಪೆನಾಲ್ಟಿ ಒದೆಯೋವರೆಗೂ ಗೋಲ್ ಕೀಪರ್ ಗೆರೆ ಬಿಡೋ ಹಾಗಿಲ್ಲ, ಅಲ್ವಾ?"

"ಒಂದು ಕಾಲು ಗೆರೆ ಮೇಲೋ ಹಿಂದೋ ಇದ್ದರೆ ಸಾಕು."

"ನಮಗೂ ಹಂಗೇ. ಬಾಲ್ ಬ್ಯಾಟ್‌ಗೆ ತಾಗೋವರೆಗೂ ಸ್ಟಂಪ್ ಹಿಂದೇನೇ ಇರಬೇಕು." ಬಲಗಾಲು ಮುಂದಿಟ್ಟ, ಎಡಗಾಲು ಅಂಚಿನ ಮೇಲೇ ಇತ್ತು. "ಇಷ್ಟು ಬರಬಹುದಾ?"

"ಬರಬಹುದು."

ಇನ್ನೊಂದು ಇಂಚು ಮುಂದೆ ಬಂದ. "ಇಷ್ಟು?"

ದೋಸೆ ಬಂದರೂ ಅವನು ಕಾಲು ತೆಗೆಯಲಿಲ್ಲ.