ಐರನ್ ಕ್ರಾಸ್ ಕೊಳ್ಳುವ ಮುಂಚೆ ಅಂಚು ನೋಡಿ

ಜರ್ಮನಿಯ ಹಳೇ ಯುದ್ಧಪದಕ ಐರನ್ ಕ್ರಾಸ್ ಕೈಗೆ ಸಿಕ್ಕ ಕೂಡಲೇ ಎಲ್ಲರೂ ಮಾಡುವುದು ಒಂದೇ ಕೆಲಸ. ಮುಂಭಾಗ ನೋಡುತ್ತಾರೆ. ನಡುವೆ 'ಡಬ್ಲ್ಯು' ಅಕ್ಷರ ಇದೆಯಾ, ಮೇಲೆ ಕಿರೀಟ ಇದೆಯಾ, ಕೆಳಗೆ 1914 ಅಂತ ಇದೆಯಾ? ಎಲ್ಲ ಇದೆ ಅಂದರೆ ದುಡ್ಡು ಎಣಿಸಿಬಿಡುತ್ತಾರೆ. ಮುಂಭಾಗ ಹೇಗಿರಬೇಕು ಅಂತ ನಕಲಿ ಮಾಡುವವನಿಗೂ ಗೊತ್ತು ಅಲ್ವಾ? ಅವನು ಬೆವರು ಸುರಿಸಿರುವುದೇ ಅಲ್ಲಿ. ಅವನ ಸೋಮಾರಿತನ ಕಾಣುವುದು ಅಂಚಿನಲ್ಲಿ. ಹಳೇ ಸಾಮಾನಿನ ಸಂತೆಯಲ್ಲಿ, ಆನ್‌ಲೈನ್ ಹರಾಜಿನಲ್ಲಿ ಗೆಳೆಯರು ಟೋಪಿ ಹಾಕಿಸಿಕೊಳ್ಳುವುದನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೇಳುವುದು 1914ರ ಎರಡನೇ ದರ್ಜೆಯ ಕ್ರಾಸ್ ಬಗ್ಗೆ, ಅಂದರೆ ರಿಬ್ಬನ್‌ನಲ್ಲಿ ನೇತಾಡುವಂಥದ್ದು. ಮೊದಲ ದರ್ಜೆಯದಕ್ಕೆ ರಿಬ್ಬನ್ ಇಲ್ಲ, ಹಿಂದೆ ಪಿನ್ ಇರುತ್ತದೆ, ಎಡ ಎದೆಗೆ ಚುಚ್ಚಿಕೊಳ್ಳುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಎರಡನೇ ದರ್ಜೆಯದನ್ನು ಸುಮಾರು 50 ಲಕ್ಷ ಕೊಟ್ಟಿದ್ದಾರೆ. ಹಾಗಾಗಿ ಇವತ್ತಿಗೂ ಅಸಲಿ ಸಿಗುತ್ತದೆ. ಹೊಸಬರು ಇಲ್ಲಿಂದಲೇ ಶುರು ಮಾಡಬೇಕು. ಐರನ್ ಕ್ರಾಸಿನದೇ ಮೇಲಿನ ದರ್ಜೆಯ, ಕೊರಳಿಗೆ ಹಾಕುವ ನೈಟ್ಸ್ ಕ್ರಾಸ್, ನೀಲಿ ಎನಾಮೆಲ್‌ನ ಪೂರ್ ಲ ಮೆರೀಟ್ (ಆಗಿನ ಅತಿ ದೊಡ್ಡ ಶೌರ್ಯ ಪದಕ) ಕಡೆ ತಿರುಗಿಯೂ ನೋಡಬೇಡಿ. ಆ ಯುದ್ಧದಲ್ಲಿ ಪೂರ್ ಲ ಮೆರೀಟ್ ಸಿಕ್ಕಿದ್ದು 687 ಸಲ ಮಾತ್ರ, ಅದೂ ವಿಮಾನ ಹಾರಿಸುತ್ತಿದ್ದ ರಿಕ್ಟೋಫೆನ್, ಆಗಿನ್ನೂ ಯುವ ಅಧಿಕಾರಿಯಾಗಿದ್ದ ರೊಮೆಲ್ ಅಂಥವರಿಗೆ. ಅಂಥದ್ದು ಸಂತೆಯ ಟೇಬಲ್ ಮೇಲೆ ಹಳೇ ಚಮಚಗಳ ಪಕ್ಕ ಬಿದ್ದಿರುತ್ತಾ?

ಹೆಜ್ಜೆ 1: ಯಾವ ವರ್ಷದ್ದು?

ನೆಪೋಲಿಯನ್ ವಿರುದ್ಧದ ಯುದ್ಧಕ್ಕಾಗಿ ಆಗಿನ ಜರ್ಮನ್ ರಾಜ್ಯ ಪ್ರಷ್ಯಾದ ದೊರೆ ಮೂರನೇ ಫ್ರೆಡ್ರಿಕ್ ವಿಲ್ಹೆಲ್ಮ್ 1813ರ ಮಾರ್ಚ್‌ನಲ್ಲಿ ಈ ಪದಕ ಶುರು ಮಾಡಿದ. ಆಮೇಲೆ 1870, 1914, 1939ರಲ್ಲಿ ಮತ್ತೆ ಜಾರಿಗೆ ತಂದರು. ಮುಂಭಾಗದ ಕೆಳತೋಳಿನಲ್ಲಿರುವುದೇ ಅದರ ವರ್ಷ. 1914ರ ಕ್ರಾಸ್‌ನ ಹಿಂಭಾಗದಲ್ಲಿ ಕಿರೀಟ, ಓಕ್ ಎಲೆ, 'ಎಫ್‌ಡಬ್ಲ್ಯು' (ಆ ದೊರೆಯ ಹೆಸರಿನ ಮೊದಲಕ್ಷರಗಳು) ಮತ್ತು 1813 ಇರುತ್ತದೆ. ಅದನ್ನೇ ನೋಡಿ 'ನೆಪೋಲಿಯನ್ ಕಾಲದ್ದು ಸಿಕ್ತು' ಅಂತ ಕುಣಿದವರಿದ್ದಾರೆ.

1939ರದ್ದಕ್ಕೆ ನಡುವೆ ಸ್ವಸ್ತಿಕ ಇರುತ್ತದೆ. ಜರ್ಮನಿಯಲ್ಲಿ ಅದನ್ನು ಬಹಿರಂಗವಾಗಿ ತೋರಿಸುವಂತಿಲ್ಲ, ಹಾಗಾಗಿ ಮಾರುವವರು ಮೇಲೊಂದು ಸ್ಟಿಕ್ಕರ್ ಅಂಟಿಸಿರುತ್ತಾರೆ. ಸ್ವಸ್ತಿಕದ ಜಾಗದಲ್ಲಿ ಓಕ್ ಎಲೆಗಳಿದ್ದರೆ ಅದು 1957ರ ಕಾನೂನಿನ ನಂತರ, ಮಾಜಿ ಸೈನಿಕರು ಧರಿಸಲಿ ಅಂತ ಮಾಡಿದ್ದು. ಅದು ನಕಲಿಯಲ್ಲ. ಆದರೆ ಯುದ್ಧಕಾಲದ್ದು ಅಂತ ಮಾರಿದರೆ ಮೋಸ. ಇನ್ನು ಕಂದು ಬಣ್ಣದ, ನಡುವೆ 1914 1918 ಅಂತಿರುವ ಕ್ರಾಸ್ ಐರನ್ ಕ್ರಾಸೇ ಅಲ್ಲ. ಅದು 1934ರಿಂದ ಮಾಜಿ ಸೈನಿಕರಿಗೆ ಕೊಟ್ಟ ಹಿಂಡೆನ್‌ಬರ್ಗ್ ಕ್ರಾಸ್. ಯುದ್ಧದಲ್ಲಿ ಕೆಲಸ ಮಾಡಿದ್ದಕ್ಕೆ ಸಿಗುತ್ತಿತ್ತು, ಶೌರ್ಯಕ್ಕಲ್ಲ.

ಹೆಜ್ಜೆ 2: ಅಂಚು

ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಅಸಲಿ ಕ್ರಾಸ್ ಮೂರು ತುಂಡುಗಳಿಂದ ಆಗಿರುತ್ತದೆ. ನಡುವೆ ಕಪ್ಪು ಬಣ್ಣ ಹೊಡೆದ ಕಬ್ಬಿಣದ ತಿರುಳು. ಅದರ ಮುಂದೊಂದು, ಹಿಂದೊಂದು ಬೆಳ್ಳಿಯ ಚೌಕಟ್ಟು. ಎರಡು ಚೌಕಟ್ಟುಗಳ ನಡುವೆ ತಿರುಳನ್ನಿಟ್ಟು, ಚೌಕಟ್ಟುಗಳನ್ನು ಒಂದಕ್ಕೊಂದು ಬೆಸುಗೆ ಹಾಕಿ, ಹೊರಗಿನ ಅಂಚನ್ನು ಅರದಿಂದ ಉಜ್ಜುತ್ತಿದ್ದರು. ಅಗ್ಗದ ನಕಲಿಯಲ್ಲಿ ಇದ್ಯಾವುದೂ ಇಲ್ಲ. ಇಡೀ ಕ್ರಾಸನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ದು, ನಡುವೆ ಕಪ್ಪು, ಸುತ್ತ ಬೆಳ್ಳಿ ಬಣ್ಣ ಬಳಿದಿರುತ್ತಾರೆ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ ತಗೊಳ್ಳಿ. ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದು ಸಾಕು. ಮೂವತ್ತು ಪಟ್ಟು, ಅರವತ್ತು ಪಟ್ಟು ಅಂತ ಬರೆದುಕೊಂಡು ಬರುವ ಅಗ್ಗದ ಪ್ಲಾಸ್ಟಿಕ್ ಗಾಜು ಬೇಡವೇ ಬೇಡ. ಅದರಲ್ಲಿ ಎಲ್ಲವೂ ಮಸುಕು. ಫೋನಿನ ಜೂಮ್ ಕೂಡ ಬೇಡ, ಅದು ಇಲ್ಲದ ಗೆರೆಯನ್ನು ಸೃಷ್ಟಿಸುತ್ತದೆ, ಇರುವ ಗೆರೆಯನ್ನು ಅಳಿಸುತ್ತದೆ. ಟೇಬಲ್ ಲ್ಯಾಂಪನ್ನು ಪಕ್ಕದಿಂದ ಬೀಳುವ ಹಾಗೆ ಇಡಿ. ಬೆಳಕು ಮೇಲಿಂದ ಬಿದ್ದರೆ ಗೆರೆ ಕಾಣುವುದಿಲ್ಲ.

ಈಗ ಕ್ರಾಸನ್ನು ನಾಣ್ಯದ ಹಾಗೆ ಬೆರಳ ನಡುವೆ ನಿಲ್ಲಿಸಿ, ಅಂಚನ್ನು ಸುತ್ತಲೂ ತಿರುಗಿಸುತ್ತ ನೋಡಿ. ಬೆಸುಗೆಯ ಗೆರೆ ಕೂದಲಿನಷ್ಟು ಸಣ್ಣಗೆ ಸುತ್ತ ಹರಿಯುತ್ತಿರಬೇಕು. ಒಳ್ಳೆಯ ತಯಾರಕರು ಅದನ್ನು ಚೆನ್ನಾಗಿ ಉಜ್ಜಿರುತ್ತಾರೆ, ತೋಳಿನ ತುದಿಯಲ್ಲಿ ಕಾಣದೇ ಇರಬಹುದು. ಗಾಬರಿಯಾಗಬೇಡಿ. ಎರಡು ತೋಳು ಸೇರುವ ಒಳಮೂಲೆಗೆ ಹೋಗಿ. ಅಲ್ಲಿಗೆ ಅರ ಸರಿಯಾಗಿ ಹೋಗುವುದಿಲ್ಲ. ಸಣ್ಣ ಬೆಸುಗೆ ಗುಳ್ಳೆಯೋ, ಅರದ ಗೀರೋ, ಗೆರೆಯ ತುಣುಕೋ ಉಳಿದೇ ಇರುತ್ತದೆ. ನಾಲ್ಕೂ ಮೂಲೆ ನೋಡಿ. ನಾಲ್ಕರಲ್ಲೂ ಏನೂ ಇಲ್ಲ, ನುಣ್ಣಗಿದೆ ಅಂದರೆ ವಾಪಸ್ ಕೊಟ್ಟುಬಿಡಿ. ಕೆಲವು ನಕಲಿಗಳಲ್ಲಿ ಅಚ್ಚಿನ ಗೆರೆ ಇರುತ್ತದೆ, ಅದಕ್ಕೆ ಮರುಳಾಗಬೇಡಿ. ಅದು ಉಬ್ಬಿರುತ್ತದೆ, ಉಗುರಿಗೆ ತಾಗುತ್ತದೆ.

ಆಮೇಲೆ ಮುಂಭಾಗಕ್ಕೆ ಬನ್ನಿ, ಆದರೆ ಕಿರೀಟ ಬಿಡಿ. ಬೆಳ್ಳಿ ಚೌಕಟ್ಟು ಮುಗಿದು ಕಪ್ಪು ತಿರುಳು ಶುರುವಾಗುವ ಜಾಗ ನೋಡಿ. ಅಸಲಿಯಲ್ಲಿ ಅಲ್ಲೊಂದು ಸಂದು ಇರುತ್ತದೆ. ನೂರು ವರ್ಷದ ಧೂಳು, ಒಂದಿಷ್ಟು ತುಕ್ಕು ಅಲ್ಲಿ ಕೂತಿರುತ್ತದೆ. ನಕಲಿಯಲ್ಲಿ ಸಂದು ಇಲ್ಲ, ಕಪ್ಪು ಬಣ್ಣ ಚೌಕಟ್ಟಿನಲ್ಲಿ ಸಾಲಾಗಿ ಉಬ್ಬಿರುವ ಸಣ್ಣ ಮಣಿಗಳ ಮೇಲೆ ಹರಿದಿರುತ್ತದೆ. ಮಣಿಗಳನ್ನೂ ನೋಡಿ. ಅಚ್ಚೊತ್ತಿದ ಬೆಳ್ಳಿಯಲ್ಲಿ ಒಂದೊಂದೂ ಬಿಡಿಬಿಡಿಯಾಗಿ ಚೂಪಾಗಿ ನಿಂತಿರುತ್ತದೆ. ಎರಕದ್ದರಲ್ಲಿ ಒಂದಕ್ಕೊಂದು ಕರಗಿ ಅಂಟಿಕೊಂಡ ಹಾಗಿರುತ್ತದೆ, ನಡುವೆ ಸೂಜಿ ಚುಚ್ಚಿದಂಥ ತೂತುಗಳು. ಬಣ್ಣ ಸವೆದ ಜಾಗದಲ್ಲಿ ಕಬ್ಬಿಣದ ಬೂದು ಅಥವಾ ಕಂದು ತುಕ್ಕು ಕಾಣಬೇಕು. ಬಿಳಿ ಕಂಡರೆ ಅಗ್ಗದ ಮಿಶ್ರಲೋಹ.

ಹೆಜ್ಜೆ 3: ಆಯಸ್ಕಾಂತ

ಇದರ ಮೇಲೆ ಜನಕ್ಕೆ ಜಾಸ್ತಿ ನಂಬಿಕೆ, ನನಗೆ ಕಡಿಮೆ. ಸಣ್ಣ ಆಯಸ್ಕಾಂತಕ್ಕೆ ದಾರ ಕಟ್ಟಿ ಹತ್ತಿರ ತನ್ನಿ. ನಡುಭಾಗ ಎಳೆಯಬೇಕು. ಆದರೆ ಹಿತ್ತಾಳೆ ತಿರುಳಿನ ಅಸಲಿಗಳೂ ಇವೆ, ಕಬ್ಬಿಣದ ತಿರುಳಿನ ನಕಲಿಗಳೂ ಇವೆ. ಅಂಚು ಪಾಸಾದ ಮೇಲೆ ಇದು ಸುಮ್ನೆ ಒಂದು ಸಮಾಧಾನ ಅಷ್ಟೇ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಆಯಸ್ಕಾಂತವನ್ನು ತಂದು ಉಜ್ಜಿ ಬಣ್ಣ ಕೀಳಬೇಡಿ.

ಹೆಜ್ಜೆ 4: ಉಂಗುರ

ಮೇಲಿನ ಉಂಗುರದಲ್ಲಿ ತಯಾರಕರ ಗುರುತು ಇರಬಹುದು, ಇಲ್ಲದೆಯೂ ಇರಬಹುದು. 'ಕೆಓ' ಅಂದರೆ ಬರ್ಲಿನ್ನಿನ ಸರ್ಕಾರಿ ಟಂಕಸಾಲೆ. '800' ಅಂದರೆ ಬೆಳ್ಳಿಯ ಗುಣಮಟ್ಟ, ಸಾವಿರಕ್ಕೆ 800 ಪಾಲು. ಗುರುತು ಇದೆ ಅಂತ ಬೆಲೆ ಏರಿಸುತ್ತಾರೆ. ಆದರೆ ಉಂಗುರವನ್ನು ಇಕ್ಕಳದಲ್ಲಿ ಬಿಡಿಸಿ ಬೇರೆ ಹಾಕಲು ಒಂದು ನಿಮಿಷ ಸಾಕು. ಉಂಗುರಕ್ಕೆ ನಾನಂತೂ ಒಂದು ರೂಪಾಯಿ ಜಾಸ್ತಿ ಕೊಡುವುದಿಲ್ಲ, ನೀವೂ ಕೊಡಬೇಡಿ.

ಹೆಜ್ಜೆ 5: ರಿಬ್ಬನ್

ಹೋರಾಡಿದವರಿಗೆ ಕಪ್ಪು ರಿಬ್ಬನ್‌ಗೆ ಬಿಳಿ ಪಟ್ಟೆ, ಹೋರಾಡದವರಿಗೆ ಬಿಳಿಗೆ ಕಪ್ಪು ಪಟ್ಟೆ. ಕತ್ತಲಲ್ಲಿ ಅಲ್ಟ್ರಾವಯಲೆಟ್ ಟಾರ್ಚ್ ಬಿಡಿ. ನೀಲಿಬಿಳಿಯಾಗಿ ಹೊಳೆದರೆ ಬಟ್ಟೆ ಹೊಸದು. ಅಷ್ಟಕ್ಕೇ ಕ್ರಾಸನ್ನೂ ನಕಲಿ ಅನ್ನಬೇಡಿ, ರಿಬ್ಬನ್ ಹರಿದಾಗ ಬದಲಿಸಿರುತ್ತಾರೆ.

ಹೆಜ್ಜೆ 6: ಕಥೆ ಮತ್ತು ಕಾಗದ

ನಮ್ಮಲ್ಲಿ ಅಜ್ಜ ಮುತ್ತಜ್ಜ ಬ್ರಿಟಿಷ್ ಸೈನ್ಯದಲ್ಲಿದ್ದ ಮನೆಗಳಲ್ಲಿ ಮೊದಲ ಯುದ್ಧದ ಪದಕ ಇದ್ದರೆ ಅದರ ಅಂಚಿನಲ್ಲೋ ಹಿಂಭಾಗದಲ್ಲೋ ಸೈನಿಕನ ಹೆಸರು, ನಂಬರ್ ಕೊರೆದಿರುತ್ತದೆ. ಐರನ್ ಕ್ರಾಸ್‌ನಲ್ಲಿ ಸರ್ಕಾರ ಹೆಸರು ಹಾಕುತ್ತಿರಲಿಲ್ಲ. ಹಾಗಾಗಿ ಯಾರ ಕಥೆಯನ್ನು ಬೇಕಾದರೂ ಅಂಟಿಸಬಹುದು. ಭಾರತೀಯ ಗಿರಾಕಿ ಅಂತ ಗೊತ್ತಾದರೆ 'ಇದು ಎಮ್ಡೆನ್ ಹಡಗಿನ ನಾವಿಕನದ್ದು' ಅನ್ನುವವರೂ ಸಿಗುತ್ತಾರೆ. ಜರ್ಮನಿಯ ಯುದ್ಧನೌಕೆ ಎಮ್ಡೆನ್ 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾರಿಸಿದ್ದು ನಿಜ, ಅದರ ನಾವಿಕರಿಗೆ ಐರನ್ ಕ್ರಾಸ್ ಸಿಕ್ಕಿದ್ದೂ ನಿಜ. ಆದರೆ ಪದಕ ಕೊಟ್ಟ ಪತ್ರವೋ, ಹೆಸರಿರುವ ಮಿಲಿಟರಿ ಪಾಸ್ ಪುಸ್ತಕವೋ ಜೊತೆಗಿಲ್ಲದಿದ್ದರೆ ಕಥೆಗೆ ಬೆಲೆ ಸೊನ್ನೆ.

ಮನೆಗೆ ತಂದ ಮೇಲೆ

ತಿಕ್ಕಬೇಡಿ. ಹುಣಸೆಹಣ್ಣು ಬೇಡ, ಟೂತ್‌ಪೇಸ್ಟ್ ಬೇಡ, ಬೆಳ್ಳಿ ಹೊಳಪಿಸುವ ಡಬ್ಬಿಯಂತೂ ಬೇಡವೇ ಬೇಡ. ಆ ದ್ರಾವಣ ಚೌಕಟ್ಟಿನ ಸಂದಿಗೆ ಇಳಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಬೆಸುಗೆ ಬಿಚ್ಚಿಕೊಳ್ಳುತ್ತದೆ. ಕಪ್ಪಾದ ಬೆಳ್ಳಿಗೇ ಸಂಗ್ರಹಕಾರರು ಜಾಸ್ತಿ ದುಡ್ಡು ಕೊಡುವುದು. ಒಣ ಹತ್ತಿಬಟ್ಟೆಯಲ್ಲಿ ಒರೆಸಿ, ಕಾಗದದ ಲಕೋಟೆಯಲ್ಲಿಟ್ಟು, ಡಬ್ಬಿಗೆ ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ನಾಣ್ಯ ಇಡುವ ಮೆತ್ತನೆಯ ಪಿವಿಸಿ ಕವರ್ ಮಾತ್ರ ಬೇಡ, ಕೆಲವು ವರ್ಷದಲ್ಲಿ ಅದು ಬೆವರಿ ಜಿಗುಟಾಗುತ್ತದೆ. ಮಳೆಗಾಲ ಮುಗಿದ ಮೇಲೆ ಪೊಟ್ಟಣ ಬದಲಾಯಿಸಿ.