ಮುರುಗಲ ಸಿಪ್ಪೆ ಬೂಸ್ಟು ಹಿಡಿಯದಂತೆ ಒಣಗಿಸುವುದು ಹೇಗೆ?

ಮೇ ತಿಂಗಳಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಂಗಳಗಳಲ್ಲಿ ಮುರುಗಲ (ಕೋಕಂ ಎಂಬ ಹುಳಿ ಹಣ್ಣಿನ) ಸಿಪ್ಪೆ ಹರಡಿರುತ್ತದೆ. ಆಷಾಢ ಬರುವಷ್ಟರಲ್ಲಿ ಅದರಲ್ಲಿ ಎಷ್ಟೋ ಬೂಸ್ಟು ಹಿಡಿದು ಗೊಬ್ಬರದ ಗುಂಡಿ ಸೇರುತ್ತದೆ. ‘ಚೆನ್ನಾಗಿ ಬಿಸಿಲು ಕೊಟ್ಟಿದ್ದೆವಲ್ಲ’ ಎನ್ನುತ್ತಾರೆ. ಬಿಸಿಲು ಕೊಟ್ಟದ್ದು ನಿಜ. ಆದರೆ ಸಿಪ್ಪೆ ಹೊರಗಷ್ಟೇ ಒಣಗಿರುತ್ತದೆ, ಒಳಗೆ ಹಸಿ ಉಳಿದಿರುತ್ತದೆ. ವರ್ಷಕ್ಕೊಮ್ಮೆ ಸಿಗುವ ಹಣ್ಣು ಹೀಗೆ ಹಾಳಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಪೂರ್ತಿ ಮಾಗಿ ಕಡುಕೆಂಪಾದ ಹಣ್ಣನ್ನೇ ಆರಿಸಿ. ಬಿರಿದದ್ದು, ಹುಳ ಬಿದ್ದದ್ದು ಬೇಡ. ತೊಳೆದು, ಬಟ್ಟೆಯಲ್ಲಿ ಒರೆಸಿ, ಎರಡು ಹೋಳು ಮಾಡಿ. ಬೀಜವನ್ನು ಅದರ ಬಿಳಿ ತಿರುಳಿನ ಸಮೇತ ಬೇರೆ ಪಾತ್ರೆಗೆ ಹಾಕಿ. ಪಾತ್ರೆ ಗಾಜಿನದೋ ಪಿಂಗಾಣಿಯದೋ ಆಗಿರಲಿ, ಸ್ಟೀಲ್ ಆದರೂ ನಡೆಯುತ್ತದೆ. ಅಲ್ಯೂಮಿನಿಯಂ ಮಾತ್ರ ಮುಟ್ಟಲೇಬೇಡಿ. ಈ ಹುಳಿ ಅದನ್ನು ತಿನ್ನುತ್ತದೆ, ರಸದ ರುಚಿಯೂ ಕೆಡುತ್ತದೆ.

ಇನ್ನು ಒಣಗಿಸುವ ಕೆಲಸ. ಇಲ್ಲಿ ಅವಸರ ಮಾಡಬಾರದು.

ಹಸಿ ಸಿಪ್ಪೆಯಲ್ಲಿ ಸುಮಾರು ಶೇ 80ರಷ್ಟು ನೀರೇ. ಅದು ಒಳಗಿನಿಂದ ಮೇಲಕ್ಕೆ ಬಂದು ಗಾಳಿಗೆ ಹೋಗಬೇಕು. ಸುಡುವ ತಗಡಿನ ಮೇಲೆ ಹರಡಿದರೆ, ಇಲ್ಲವೇ ಓವನ್‌ನಲ್ಲಿ ಜಾಸ್ತಿ ಉರಿ ಇಟ್ಟರೆ, ಮೇಲಿನ ಪದರ ಬೇಗ ಬಿರುಸಾಗಿ ದಾರಿ ಮುಚ್ಚುತ್ತದೆ. ಒಳಗಿನ ನೀರು ಅಲ್ಲೇ ಸಿಕ್ಕಿಬೀಳುತ್ತದೆ. ಮುಟ್ಟಿದರೆ ಗಟ್ಟಿ, ಡಬ್ಬದಲ್ಲಿಟ್ಟು ಹದಿನೈದು ದಿನ ಕಳೆದರೆ ಮೆತ್ತಗೆ. ಹಾಗಾಗಿ ನಿಧಾನದ ಬಿಸಿಲು ಮತ್ತು ಸುತ್ತಲೂ ಆಡುವ ಗಾಳಿ, ಎರಡೂ ಬೇಕು.

ಪ್ಲಾಸ್ಟಿಕ್ ಟಾರ್ಪಾಲ್ ಮೇಲೆ ಹರಡಬೇಡಿ. ಅಡಿಯಲ್ಲಿ ಬೆವರುತ್ತದೆ. ಬಿದಿರಿನ ತಟ್ಟಿಯನ್ನು ನಾಲ್ಕು ಕಲ್ಲಿನ ಮೇಲೆ ಎತ್ತರಿಸಿ, ಹೋಳುಗಳನ್ನು ಒಳಮೈ ಮೇಲಾಗಿ, ಒಂದಕ್ಕೊಂದು ತಾಗದಂತೆ ಇಡಿ. ನೊಣ ಕೂರದಂತೆ ತೆಳು ಪಂಚೆ ಹೊದಿಸಿ. ಮಧ್ಯಾಹ್ನ ಒಮ್ಮೆ ಮಗುಚಿ. ನಮ್ಮಲ್ಲಿ ಮೇ ತಿಂಗಳಲ್ಲಿ ಬೆಳಿಗ್ಗೆ ಒಳ್ಳೆ ಬಿಸಿಲಿದ್ದರೂ ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ, ಅಲ್ವಾ? ಮೊದಲ ಗುಡುಗಿಗೇ ತಟ್ಟಿ ಒಳಗೆ ಬರಲಿ. ಒಳಗೆ ತಂದ ಮೇಲೂ ಹರಡಿಯೇ ಇರಲಿ. ಬಿಸಿ ಸಿಪ್ಪೆಯನ್ನು ಬುಟ್ಟಿಗೆ ಸುರಿದು ರಾತ್ರಿಯಿಡೀ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಹುಳಿತ ವಾಸನೆ ಬಂದಿರುತ್ತದೆ.

ಸಿಪ್ಪೆ ಸುಕ್ಕಾಗಿ ಅರ್ಧ ಒಣಗಿದಾಗ ತಿರುಳಿನಿಂದ ಬಿಟ್ಟುಕೊಂಡ ರಸದಲ್ಲಿ ಅದ್ದಿ ಮತ್ತೆ ಒಣಗಿಸಿ. ಮೂರು ನಾಲ್ಕು ಸಲ ಹೀಗೆ ಮಾಡಿದರೆ ಬಣ್ಣ, ಹುಳಿ ಎರಡೂ ಗಾಢವಾಗುತ್ತವೆ. ಉಳಿದ ರಸ ರಾತ್ರಿ ಫ್ರಿಜ್‌ನಲ್ಲಿರಲಿ.

ಉಪ್ಪಿನ ವಿಷಯದಲ್ಲಿ ನನ್ನ ಮಾತು ಖಂಡಿತ: ಶರಬತ್ತಿನ ಸಿಪ್ಪೆಗೆ ಉಪ್ಪು ಬೇಡವೇ ಬೇಡ. ಸಾರಿನ ಸಿಪ್ಪೆಗಾದರೆ ಕಿಲೋಗೆ 50 ಗ್ರಾಂ ಸಾಕು. ಜಾಸ್ತಿ ಹಾಕಿದರೆ ಜಾಸ್ತಿ ದಿನ ಬಾಳುತ್ತದೆ ಎಂಬ ನಂಬಿಕೆ ಮಲೆನಾಡಿನಲ್ಲಿ ನಡೆಯದು. ಗಾಳಿಯ ತೇವ ಶೇ 75 ದಾಟಿದರೆ ಉಪ್ಪು ತಾನೇ ನೀರೆಳೆದು ಕರಗುತ್ತದೆ. ಆಗುಂಬೆ, ಹುಲಿಕಲ್ ಕಡೆ ಮಳೆಗಾಲದಲ್ಲಿ ವಾರಗಟ್ಟಲೆ ತೇವ ಅದಕ್ಕಿಂತ ಮೇಲೇ ಇರುತ್ತದೆ. ಅತಿ ಉಪ್ಪಿನ ಸಿಪ್ಪೆ ಭರಣಿಯಲ್ಲೇ ಒದ್ದೆಯಾಗುವುದು ಇದರಿಂದಲೇ.

ಮಳೆ ಹಿಡಿದುಕೊಂಡರೆ ಒಲೆಯ ಮೇಲಿನ ಅಟ್ಟಕ್ಕೆ ಹಾಕುವ ರೂಢಿಯಿದೆ. ಮುರುಗಲಿನ ಜಾತಿಯದೇ ಇನ್ನೊಂದು ಹುಳಿ ಹಣ್ಣಾದ ಉಪ್ಪಾಗೆಗೆ ಅದು ಸರಿ. ಮುರುಗಲಿಗೆ ಹೊಗೆ ವಾಸನೆ ಹತ್ತಿದರೆ ಪಾನಕ ಬಾಯಿಗಿಡಲಾಗುವುದಿಲ್ಲ. ಹೊಗೆಯಿಲ್ಲದ ಡ್ರೈಯರ್ ಇದ್ದರೆ 50ರಿಂದ 55 ಡಿಗ್ರಿಯಲ್ಲಿ ಒಣಗಿಸಿ. ಅದಕ್ಕಿಂತ ಮೇಲೆ ಹೋದಷ್ಟೂ ಕೆಂಪು ಮಾಸುತ್ತದೆ. ರೋಹಿಣಿ ಮಳೆ ಹಿಡಿಯುವ ಮೊದಲೇ ಕೆಲಸ ಮುಗಿಸಿದರೆ ಇದ್ಯಾವುದೂ ಬೇಕಿಲ್ಲ.

ಒಣಗಿದೆಯೋ ಇಲ್ಲವೋ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ದಪ್ಪನೆಯ ಹೋಳೊಂದನ್ನು ಮಡಚಿ. ಅದು ಚರ್ಮದ ಬೆಲ್ಟಿನಂತೆ ಬಾಗಬೇಕು, ಮುರಿಯಬಾರದು. ಹಿಂಡಿದರೆ ರಸ ಜಿನುಗಬಾರದು, ಕೈಗೆ ಅಂಟಬಾರದು. ಇದಕ್ಕಿಂತ ನಂಬಿಕೆಯ ದಾರಿ ತಕ್ಕಡಿ. ಕೊನೆಯ ಸಲ ಅದ್ದಿದ ಮೇಲೆ ಅದೇ ಹೋಳುಗಳನ್ನು ದಿನಾ ಸಂಜೆ ತೂಗಿ. ಬಿಸಿಲು ಕಾದ ದಿನವೂ ತೂಕ ಇಳಿಯದಿದ್ದರೆ ಒಣಗಿದೆ ಎಂದರ್ಥ. ಉಪ್ಪು ಹಾಕದೆ, ರಸದಲ್ಲಿ ಅದ್ದದೆ ಒಣಗಿಸಿದರೆ ಕಿಲೋ ಹಸಿ ಸಿಪ್ಪೆ ಕಾಲು ಕಿಲೋದ ಹತ್ತಿರಕ್ಕೆ ಇಳಿಯುತ್ತದೆ. ಅರ್ಧ ಕಿಲೋ ಉಳಿದಿದ್ದರೆ ನೀರು ಇನ್ನೂ ಒಳಗಿದೆ.

ಆಮೇಲೂ ಸೀದಾ ತುಂಬಿಡಬೇಡಿ. ನೆರಳಲ್ಲಿ ತಣಿಸಿ, ಗಾಜಿನ ಬಾಟಲಿಗೆ ಸಡಿಲವಾಗಿ ಹಾಕಿ, ಒಂದು ವಾರ ದಿನಾ ಅಲುಗಾಡಿಸಿ. ಗಾಜಿನ ಒಳಗೆ ಹನಿ ಕಂಡರೆ ಮತ್ತೆ ಬಿಸಿಲಿಗೆ. ಹನಿ ಇಲ್ಲದಿದ್ದರೆ ಭರಣಿಗೆ ತುಂಬಿ ಕತ್ತಲಲ್ಲಿಡಿ. ಕಬ್ಬಿಣದ ಮುಚ್ಚಳ ತುಕ್ಕು ಹಿಡಿಯುತ್ತದೆ, ಬೇಡ. ಮೇಲೆ ಬಿಳಿ ಕಂಡರೆ ಬೆರಳಾಡಿಸಿ ನೋಡಿ. ಹರಳಾಗಿದ್ದು ನೀರಲ್ಲಿ ಕರಗಿದರೆ ಉಪ್ಪು. ಹತ್ತಿಯಂತೆ ಇದ್ದು ಮುಗ್ಗಲು ವಾಸನೆ ಬಂದರೆ ಬೂಸ್ಟು. ಅದನ್ನು ತೊಳೆದು ಬಳಸುವ ಆಸೆ ಬೇಡ, ಎಸೆಯಿರಿ.

ಅಂಗಡಿಯಲ್ಲಿ ಮುರುಗಲಿನದೆಂದು ಮಾರುವ ಕೆಂಪು ಸಿರಪ್‌ ಕೆಲವು ಬರೀ ಬಣ್ಣ, ಸಕ್ಕರೆ. ಒಂದು ಚಮಚ ಸಿರಪ್‌ ನೀರಿಗೆ ಹಾಕಿ, ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡಾ ಬೆರೆಸಿ. ಮುರುಗಲಿನ ಸಹಜ ಕೆಂಪು ಕಪ್ಪು-ನೇರಳೆಗೆ ತಿರುಗುತ್ತದೆ. ನೊರೆ ನಿಂತ ಮೇಲೂ ಕೆಂಪು ಹಾಗೇ ಇದ್ದರೆ ಆ ಬಾಟಲಿ ಮತ್ತೆ ತರಬೇಡಿ.

ರಸ ಬಸಿದ ಬೀಜವನ್ನೂ ಬಿಸಾಡಬೇಡಿ. ತೊಳೆದು ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ತಣಿದಾಗ ಗಟ್ಟಿಯಾಗುವ ಆ ಮುರುಗಲ ತುಪ್ಪವನ್ನು ಉಂಡೆ ಕಟ್ಟಿಟ್ಟರೆ ಒಡೆದ ಹಿಮ್ಮಡಿಗೆ ಹಚ್ಚಲು ಬರುತ್ತದೆ.